ಅಕ್ಕನ ಮೊಲ ಮೈ ತುಂಬಿಕೊಂಡ ಮಳೆಗಾಲ

ಚೌಕಾಶಿ ಎಂದರೆ ಬೆಲೆ ಇಳಿಸುವುದು ಎಂದು ಜನ ತಿಳಿದಿದ್ದಾರೆ. ಬೆಲೆ ಇಳಿಸುವುದು ಅದರ ಕೊನೆಯ ಪಾಠ. ಮೊದಲ ಪಾಠ, ಎದುರಿನವರಿಗೆ ನಿಜವಾಗಿ ಏನು ಬೇಕಾಗಿದೆ ಎಂದು ತಿಳಿದುಕೊಳ್ಳುವುದು. ಎರಡನೆಯದು, ಕರಾರನ್ನು ನಾಳೆ ಯಾರೂ ತಿರುಚಲಾಗದ ಹಾಗೆ ಕಟ್ಟುವುದು. ಬೆಳಗಾವಿಯ ಅನಗೋಳದ ಓಣಿಗಳಲ್ಲಿ ತಲೆಯ ಮೇಲೆ ಬುಟ್ಟಿ ಹೊತ್ತು ಹುಣಸೆಹಣ್ಣು, ಒಣಮೆಣಸಿನಕಾಯಿ ಮಾರುತ್ತ ಶುರು ಮಾಡಿದವಳು ನಾನು. ಇವತ್ತು ಅಂಥದೇ ಒಂದು ಓಣಿಯ ತಿರುವಿನಲ್ಲಿ ನನ್ನ ಕಿರಾಣಿ ಅಂಗಡಿ ಇದೆ, ಅದರ ಹಿಂದೆ ನನ್ನ ಮನೆ ಇದೆ. ಎರಡನ್ನೂ ಕಟ್ಟಿದ್ದು ಈ ಎರಡು ಪಾಠಗಳೇ. ಆದರೂ ನಿನ್ನ ದೊಡ್ಡ ವ್ಯಾಪಾರ ಯಾವುದು ಎಂದು ಯಾರಾದರೂ ಕೇಳಿದರೆ ನಾನು ಅಂಗಡಿಯ ಜಾಗದ ಮಾತು ಎತ್ತುವುದಿಲ್ಲ. ಖಾನಾಪುರದಲ್ಲಿ, ಭಾವನ ಮನೆಯ ಪಡಸಾಲೆಯಲ್ಲಿ, ಒಂದು ಬಡಕಲು ಮೊಲದ ಸಲುವಾಗಿ ಕುಳಿತದ್ದನ್ನೇ ಹೇಳುತ್ತೇನೆ.

ಮಳೆ ಹಿಡಿದು ಕೆಲವೇ ದಿನಗಳಾಗಿದ್ದವು. ಅಂಗಡಿಯ ಬಾಗಿಲು ತೆರೆಯುವ ಹೊತ್ತಿಗೆ ಅಕ್ಕನ ಫೋನು ಬಂತು. ನನ್ನ ಅಕ್ಕ ಏನನ್ನೂ ಕೇಳುವವಳಲ್ಲ. ಅವ್ವ, ಅಪ್ಪ ಹೋದ ಮೇಲೆ ನನ್ನ ಮನೆಯೇ ಅವಳ ತವರು. ಆದರೂ ಹಬ್ಬಕ್ಕೆ ಸೀರೆ ಕೊಟ್ಟರೆ “ಇದೆಲ್ಲಾ ಯಾಕ” ಎಂದು ಹಿಂದಕ್ಕೆ ದೂಡುವ ಪೈಕಿ. ಅವತ್ತು ಮಾತ್ರ ನೇರವಾಗಿ ಕೇಳಿದಳು.

“ನೀ ಒಮ್ಮೆ ಬಾ. ನಿಮ್ಮ ಭಾವ ಮೊಲಾನ ಒಯ್ದು ಅಡವ್ಯಾಗ ಬಿಡ್ತೀನಿ ಅಂತ ಕುಂತಾರ.”

“ಯಾಕಂತ?”

“ಭಾಳ ಸೊರಗೇತಿ. ಬಾಯಿಗೆ ಏನೂ ಹತ್ತವಲ್ದು. ನಾ ಹೇಳಿದ್ರ ಕೇಳಾಂಗಿಲ್ಲ ಅವರು. ನೀ ಹೇಳಿದ್ರ ಕೇಳ್ತಾರ.”

“ಕೇಳಾಂಗಿಲ್ಲಕ್ಕಾ, ಸೋಲ್ತಾರ. ಚಹಾ ಇಡು, ಬಂದೆ.”

ಆ ಮೊಲದ ವಿಷಯ ಸ್ವಲ್ಪ ಹೇಳಬೇಕು. ಬಿಳಿ ಮೈ, ಬೂದು ಕಿವಿ. ಅಕ್ಕನ ಮನೆಯ ಬಾಜು ಬಾಡಿಗೆಗೆ ಇದ್ದವರು ವರ್ಗವಾಗಿ ಹೋಗುವಾಗ ಮರಿಯನ್ನು ಅಕ್ಕನ ಉಡಿಯಲ್ಲಿ ಹಾಕಿ ಹೋಗಿದ್ದರು. ಅಂದಿನಿಂದ ಅದು ಅವಳ ಸೀರೆಯ ನಿರಿಗೆಯ ಹಿಂದೆಯೇ ಅಡ್ಡಾಡುತ್ತಿತ್ತು. ಅಕ್ಕ ಈಳಿಗೆಯ ಮುಂದೆ ಕುಳಿತು ಕಾಯಿಪಲ್ಲೆ ಹೆಚ್ಚಲು ಶುರು ಮಾಡಿದಳೆಂದರೆ ಎಲ್ಲಿದ್ದರೂ ಓಡಿ ಬಂದು ಅವಳ ಮೊಣಕಾಲ ಮೇಲೆ ಗದ್ದ ಊರಿ ಕೂರುತ್ತಿತ್ತು. ಅವಳು ಅದನ್ನು ಕೂಸು ಎಂದೇ ಕರೆಯುತ್ತಿದ್ದಳು. ಮನೆಯವರೆಲ್ಲ ಮುಂಜಾನೆ ಕೆಲಸಕ್ಕೆ ಹೋದ ಮೇಲೆ ದಿನವಿಡೀ ಅವಳ ಮಾತಿಗೆ ಕಿವಿ ಎಂದರೆ ಆ ಬೂದು ಕಿವಿಗಳೇ.

ನಾನು ಹೋದಾಗ ಮೊಲ ಅಡುಗೆಮನೆಯ ಮೂಲೆಯಲ್ಲಿ ಮುದುಡಿ ಕುಳಿತಿತ್ತು. ಗದ್ದದ ಕೆಳಗಿನ ತುಪ್ಪಳ ಜೊಲ್ಲಿನಿಂದ ಒದ್ದೆ. ಎತ್ತಿಕೊಂಡರೆ ಖಾಲಿ ಚೀಲ ಎತ್ತಿದಂತಾಯಿತು. ಹೊರಗೆ ಪಡಸಾಲೆಯಲ್ಲಿ ಭಾವ ಕುಳಿತಿದ್ದರು. ಅವರು ಅಡವಿಯ ಅಂಚಿನ ಹಳ್ಳಿಯಲ್ಲಿ ದನ ಕಾಯ್ದು ಬೆಳೆದು, ಓದಿ, ಖಾನಾಪುರದ ಕಚೇರಿಯೊಂದರಲ್ಲಿ ನೌಕರಿ ಹಿಡಿದವರು. ಹೊಲ ಈಗಲೂ ಇದೆ.

“ಬಾ ಸಾವ್ಕಾರ್ತಿ, ಕುಂದ್ರು. ಮೊಲದ ವಕೀಲಕಿ ಮಾಡಾಕ ಬಂದಿಯೇನ?”

“ವಕೀಲರು ಫೀ ತಗೋತಾರ ಭಾವಾರ. ನಾ ಒಂದ ಕಪ್ ಚಹಾದ ಮ್ಯಾಲ ಬಂದೇನಿ.”

“ಸುಮ್ನ ತಲಿ ಕೆಡಿಸ್ಕೋಬ್ಯಾಡ. ಅಡವ್ಯಾಗಿನ ಮೊಲ ನೋಡಿಯಿಲ್ಲೋ? ಹೆಂಗ ಗುಂಡಗ ಇರ್ತಾವು. ಅವಕ್ಕ ಯಾರ ಹಾಕ್ತಾರ ಚಪಾತಿ? ನಮ್ಮ ಆಡಿಗೆ ಹೊಟ್ಟಿ ಕೆಟ್ರ ಏನ ಮಾಡ್ತಿದ್ವಿ, ಗುಡ್ಡಕ್ಕ ಬಿಡ್ತಿದ್ವಿ. ತನ್ನ ಔಷಧ ತಾನ ಹುಡುಕ್ಕೋತಿತ್ತು. ಇದೂ ಹಂಗ.”

ಇದು ಅಡವಿಗೆ ಹತ್ತಿಕೊಂಡಿರುವ ಖಾನಾಪುರದವರು ಮಾತ್ರ ಮಾಡಬಹುದಾದ ತಪ್ಪು. ಬೆಂಗಳೂರಿನವರು ಅಡವಿ ಎಂದರೆ ಹುಲಿಯ ನೆನಪಾಗಿ ಮೊದಲೇ ಹೆದರುತ್ತಾರೆ. ಇವರಿಗೆ ಅಡವಿ ಎಂದರೆ ಹಿತ್ತಲು. ಅಲ್ಲಿ ಬಿಡುವುದು ಎಂದರೆ ಅಜ್ಜಿಯ ಮನೆಗೆ ಕಳಿಸಿದಷ್ಟೇ ಸಲೀಸು. ಭಾವನ ಮನಸ್ಸು ಕೆಟ್ಟದ್ದಿರಲಿಲ್ಲ. ಹಾಗಾಗಿಯೇ ಅವರನ್ನು ಬೈದು ಗೆಲ್ಲುವ ಹಾಗಿರಲಿಲ್ಲ.

“ಭಾವಾರ, ನೀವು ಹುಟ್ಟಿದ್ದೂ ಅಡವಿ ಬಾಜೂನ. ಈಗ ನಿಮ್ಮನ್ನ ಒಯ್ದು ಅಲ್ಲೇ ಬಿಡ್ತೀನಿ. ಫ್ಯಾನ್ ಇಲ್ಲ, ಪೇಪರ್ ಇಲ್ಲ, ಎರಡ ಹೊತ್ತ ಚಹಾ ಇಲ್ಲ. ಎಷ್ಟ ದಿನ ಗುಂಡಗ ಇರ್ತೀರಿ ಹೇಳ್ರಿ.”

ಒಳಗಿನಿಂದ ಅಕ್ಕನ ನಗು ಕೇಳಿಸಿತು. ಎಷ್ಟೋ ದಿನಗಳ ಮೇಲೆ ಎಂಬಂತಿತ್ತು.

“ಅಡವಿ ಮೊಲದ ಜಾತೀನ ಬ್ಯಾರೆ. ಇದರ ಮುತ್ತಜ್ಜನೂ ಪಂಜರದಾಗ ಹುಟ್ಟಿದಂವ. ಹಸರ ಹುಲ್ಲಿನ್ಯಾಗ ಈ ಬೆಳ್ಳನ ಮೈ ಕುಂತ್ರ, ನರಿಗೆ ಎಲಿ ಹಾಕಿ ಊಟಕ್ಕ ಕರದಂಗ.”

ಭಾವ ಒಮ್ಮೆ ಅಡುಗೆಮನೆಯ ಕಡೆ ನೋಡಿದರು. ಆಮೇಲೆ ದನಿ ತಗ್ಗಿಸಿದರು. “ಹಂಗಂತ ಇಲ್ಲೇ ಕಣ್ಣ ಮುಂದ ಒಣಗಿ ಹೋಗೂದ ನೋಡ್ಲೇನು? ನಿಮ್ಮಕ್ಕ ಅದರ ಮುಂದ ತಾಟ ಇಟ್ಕೊಂಡು ಕುಂತ್ರ ತಾನೂ ಉಣ್ಣಾಂಗಿಲ್ಲ.”

ಆಗ ನನಗೆ ನನ್ನ ಮೊದಲ ಪಾಠ ಸಿಕ್ಕಿತು. ಇವರಿಗೆ ಮೊಲವನ್ನು ಕಳೆಯುವುದು ಬೇಕಾಗಿರಲಿಲ್ಲ. ಅದು ಅಕ್ಕನ ಕಣ್ಣೆದುರು ಸಾಯಬಾರದಾಗಿತ್ತು, ಅಷ್ಟೇ. ಎದುರಿನವರಿಗೆ ಬೇಕಾದದ್ದು ಗೊತ್ತಾದ ಮೇಲೆ ಮಾತು ಸುಲಭ.

“ನಾ ಒಯ್ತೀನಿ. ಗಣಪತಿ ಹಬ್ಬಕ್ಕ ಹೆಂಗೂ ಇಲ್ಲಿಗೆ ಬರೂದೈತಿ, ಅವತ್ತ ತರ್ತೀನಿ. ಮೈ ತುಂಬಿತ್ತಂದ್ರ ಮೊಲ ಅಕ್ಕಂದು, ಅಡವಿ ಮಾತ ಈ ಮನ್ಯಾಗ ಮತ್ತ ಬರಬಾರದು. ತುಂಬಲಿಲ್ಲಂದ್ರ ನೀವು ಹೇಳಿದಂಗ.”

“ಎಷ್ಟ ತುಂಬಬೇಕು ಅದನ್ನ ಹೇಳು. ಎರಡ ಕಿಲೋ ಆಗ್ಬೇಕ ನೋಡು.”

“ಕಿಲೋದ ಮಾತ ಬ್ಯಾಡ. ತಕ್ಕಡಿ ನಂದು, ನಾಳೆ ನೀವ ಅಂತೀರಿ, ನಾದಿನಿ ತೂಕದಾಗ ಹೊಡದ್ಲು ಅಂತ. ಕೈ ನಿಮ್ಮದು. ಬೆನ್ನ ಮ್ಯಾಲ ಆಡಸ್ರಿ. ಎಲುಬು ಚುಚ್ಚಿದ್ರ ನೀವು ಗೆದ್ರಿ, ಚುಚ್ಚಲಿಲ್ಲಂದ್ರ ನಾ ಗೆದ್ದೆ.”

ಅವರು ಮೊಲದ ಬೆನ್ನಿನ ಮೇಲೆ ಕೈ ಎಳೆದು ಮುಖ ಕಿವಿಚಿದರು. “ಗರಗಸ ಇದ್ದಂಗ ಐತಿ.”

“ಈ ಗರಗಸ ನೆನಪಿಟ್ಕೋರ್ರಿ.”

ಅಕ್ಕ ಬುಟ್ಟಿಗೆ ಹಳೆಯ ಸೀರೆ ಹಾಸಿ ಮೊಲವನ್ನು ಕೂರಿಸಿದಳು. ಏನು ತಿನ್ನಿಸುತ್ತಿದ್ದೆ ಎಂದು ಕೇಳಿದೆ. ಹಾಲಿನಲ್ಲಿ ನೆನೆಸಿದ ಚಪಾತಿ, ಬ್ರೆಡ್ಡು, ಗ್ಲೂಕೋಸ್ ಬಿಸ್ಕತ್ತು, ನೆನೆಸಿದ ಕಡಲೆ. “ಹುಲ್ಲು?” ಎಂದರೆ, “ಹುಲ್ಲ ಯಾಕ ಹಾಕೂದ, ದನ ಏನ ಅದು? ಕೂಸು,” ಎಂದಳು. ಎಲ್ಲದರದೂ ಒಂದೊಂದು ಚೂರು ಕಾಗದದಲ್ಲಿ ಕಟ್ಟಿಕೊಂಡೆ. ನೀವೂ ಯಾವ ಪ್ರಾಣಿಯನ್ನೇ ಡಾಕ್ಟರ ಹತ್ತಿರ ಒಯ್ಯುವುದಿದ್ದರೆ ಹೀಗೆ ಮಾಡಿ. ‘ಏನೇನೋ ತಿಂತದ್ರಿ’ ಎಂದು ಹೇಳುವುದಕ್ಕೂ ಪೊಟ್ಟಣ ಬಿಚ್ಚಿ ತೋರಿಸುವುದಕ್ಕೂ ಭಾಳ ವ್ಯತ್ಯಾಸವಿದೆ. ಅದರ ಹಿಕ್ಕೆಯನ್ನೂ ಒಂದು ಡಬ್ಬಿಯಲ್ಲಿ ಹಾಕಿಕೊಂಡಿದ್ದೆ. ಬಸ್ಸಿನಲ್ಲಿ ಬಾಜು ಕುಳಿತ ಹೆಂಗಸು ಡಬ್ಬಿಯಲ್ಲಿ ಏನೆಂದು ಕೇಳಿದಳು. ಮೆಣಸಿನಕಾಳು ಎಂದೆ.

ಬೆಳಗಾವಿಯಲ್ಲಿ ಬಸ್ಸಿಳಿದು ಮನೆಗೆ ಹೋಗಲಿಲ್ಲ, ನೇರ ಸದಾಶಿವನಗರಕ್ಕೆ ಹೋದೆ. ಅಲ್ಲೊಬ್ಬ ಹರೆಯದ ಪಶುವೈದ್ಯೆ ನಾಯಿ, ಬೆಕ್ಕು, ಮೊಲಗಳನ್ನು ನೋಡುತ್ತಾರೆ. ನಾನು ಕುಳಿತವಳೇ ವ್ಯಾಪಾರ ಶುರು ಮಾಡಿದೆ.

“ಡಾಕ್ಟರ, ಲಗೂ ಮೈ ಹತ್ತೂವಂಥ ಟಾನಿಕ್ ಬರದ ಕೊಡ್ರಿ. ಎರಡ ಬಾಟ್ಲಿ ಕೂಡೇ ತಗೋತೀನಿ.”

“ಕುಂದರ್ರಿ ಅಕ್ಕಾರ. ಏನ ಉದ್ಯೋಗ ನಿಮ್ದು?”

“ಕಿರಾಣಿ ಅಂಗಡಿ.”

“ಚೀಲಕ್ಕ ತೂತ ಬಿದ್ದಾಗ ಮ್ಯಾಲಿಂದ ಅಕ್ಕಿ ಸುರೀತೀರೋ, ತೂತ ಹುಡುಕ್ತೀರೋ?”

ನಾನು ಟಾನಿಕ್ಕಿನ ಮಾತು ಬಿಟ್ಟು ಮೊಲವನ್ನು ಮೇಜಿನ ಮೇಲಿಟ್ಟು ಪೊಟ್ಟಣ, ಡಬ್ಬಿ ಬಿಚ್ಚಿದೆ. ಒಳ್ಳೆಯ ವ್ಯಾಪಾರಿಗೆ ಎದುರಿನ ಒಳ್ಳೆಯ ವ್ಯಾಪಾರಿ ಗೊತ್ತಾಗುತ್ತಾರೆ.

ಅವರು ಬಾಯಿಯೊಳಗೆ ಸಣ್ಣ ಬೆಳಕು ಬಿಟ್ಟು ನೋಡಿದರು, ತೂತು ಸಿಕ್ಕಿತು. ಮೊಲದ ಹಲ್ಲು ಬದುಕಿರುವವರೆಗೂ ಬೆಳೆಯುತ್ತಲೇ ಇರುತ್ತದಂತೆ. ಹುಲ್ಲನ್ನು ಗಂಟೆಗಟ್ಟಲೆ ಅಗಿದರೆ ಮಾತ್ರ ಸವೆದು ಸಮವಾಗಿರುತ್ತದೆ. ಅಕ್ಕನ ಮೆತ್ತಗಿನ ಚಪಾತಿ, ಬ್ರೆಡ್ಡಿನಲ್ಲಿ ಅಗಿಯುವುದು ಏನಿದೆ? ಹಿಂದಿನ ದವಡೆ ಹಲ್ಲುಗಳು ಮೊನೆಯಾಗಿ ಬೆಳೆದು ನಾಲಗೆಯನ್ನು ಚುಚ್ಚುತ್ತಿದ್ದವು. ಹಸಿವಿದ್ದರೂ ಬಾಯಿ ಆಡಿಸಿದರೆ ನೋವು. ಜೊಲ್ಲು ಸುರಿಯುತ್ತಿದ್ದದ್ದೂ ಅದಕ್ಕೇ. ಹಿಕ್ಕೆ ಪರೀಕ್ಷೆ ಮಾಡಿ ಹೊಟ್ಟೆಯಲ್ಲಿ ಹುಳ ಇಲ್ಲವೆಂದರು. ಮೊದಲು ನೀರು, ಔಷಧ ಕೊಟ್ಟು ಸ್ವಲ್ಪ ಚೇತರಿಸಿಕೊಳ್ಳಲು ಬಿಟ್ಟು, ಆಮೇಲೆ ಅರಿವಳಿಕೆ ಕೊಟ್ಟು ಆ ಮೊನೆಗಳನ್ನು ಉಜ್ಜಿ ತೆಗೆದರು.

ಮೊಲವನ್ನು ನನ್ನ ಕೈಗೆ ಕೊಡುವಾಗ ಅವರು ಹೇಳಿದ ಮಾತುಗಳು ನನಗೆ ಇನ್ನೂ ಬಾಯಿಪಾಠ. ಅಂಗಡಿಗೆ ಬಂದ ಯಾರು ಮೊಲ ಸಾಕಿದ್ದೇವೆಂದರೂ ಬಿಡದೆ ಹೇಳುತ್ತೇನೆ.

“ದಪ್ಪ ಮಾಡೂ ಅವಸರ ಬ್ಯಾಡ. ಮೊಲದ ಹೊಟ್ಟಿ ಒಂದು ಗಿರಣಿ ಇದ್ದಂಗ, ಸದಾ ನಡೀತಿರಬೇಕು, ನಿಂತ್ರ ಜೀವಕ್ಕ ಕುತ್ತು. ಒಣ ಹುಲ್ಲು ಯಾವಾಗ್ಲೂ ಮುಂದ ಇರ್ಲಿ, ಎಷ್ಟ ತಿಂದ್ರೂ ತಿನ್ಲಿ. ಹೊಸಾದ್ದು ಏನ ಕೊಟ್ರೂ ಒಂದೊಂದ, ಚೂರ ಚೂರ. ಬ್ರೆಡ್ಡು, ಬಿಸ್ಕತ್ತು, ಬೆಲ್ಲ ಬಂದ್. ಅರ್ಧಾ ದಿನ ಏನೂ ತಿನ್ನಲಿಲ್ಲ, ಹಿಕ್ಕಿ ಹಾಕಲಿಲ್ಲ ಅಂದ್ರ ನಾಳೆ ನೋಡೂಣು ಅನಬ್ಯಾಡ್ರಿ, ಆವಾಗಿಂದಾವಾಗ ಇಲ್ಲಿ ಬರ್ರಿ.”

ಭಾವನ ಜೊತೆಗಿನ ಕರಾರು ಹೇಳಿದಾಗ ಅವರು ನಕ್ಕು, ಕಿಲೋಕ್ಕಿಂತ ಕೈಯೇ ಖರೇ ಎಂದರು. ಮುಷ್ಟಿ ಕಟ್ಟಿ ಗೆಣ್ಣುಗಳ ಮೇಲೆ ಬೆರಳಾಡಿಸಿ ನೋಡಿ, ಬೆನ್ನು ಹಾಗೆ ಹತ್ತಿದರೆ ಮೊಲ ಸೊರಗಿದೆ. ಕೈ ಬಿಚ್ಚಿ ಹಿಂಗೈ ಮೇಲೆ ಬೆರಳಾಡಿಸಿ, ಎಲುಬು ಇರುವುದು ತಿಳಿಯಬೇಕು, ಚುಚ್ಚಬಾರದು, ಅದು ಸರಿಯಾದ ಮೈ. ಹೆಬ್ಬೆರಳ ಬುಡದ ಮಾಂಸದ ಹಾಗೆ ಮೆತ್ತಗೆ ಹತ್ತಿದರೆ ಅದು ಬೊಜ್ಜು, ಅದೂ ಬೇಡ. ಮೂರೂ ಅಳತೆ ನಮ್ಮ ಕೈಯಲ್ಲೇ ಇವೆ.

ಮೊದಲ ಕೆಲವು ದಿನ ಸೂಜಿಯಿಲ್ಲದ ಸಿರಿಂಜಿನಿಂದ ಉಣಿಸಬೇಕಾಗಿತ್ತು. ಹುಲ್ಲು ತಿನ್ನುವ ಪ್ರಾಣಿಗಳಿಗೆಂದೇ ಸಿಗುವ ಪುಡಿಯನ್ನು ನೀರಿನಲ್ಲಿ ಕಲಸಿ, ಅಂಗಾತ ಮಲಗಿಸದೆ ಕೂರಿಸಿಕೊಂಡು, ಬಾಯಿಯ ಪಕ್ಕದಿಂದ ಒಂದು ಗುಟುಕು. ಅದು ನುಂಗಿದ ಮೇಲೆ ಇನ್ನೊಂದು. ಅವಸರ ಮಾಡಿದರೆ ಗಂಟಲು ತಪ್ಪಿ ಶ್ವಾಸಕೋಶಕ್ಕೆ ಹೋಗುತ್ತದೆ. ಗಲ್ಲಾದ ಬಾಜು ಕುಳಿತು ಒಂದು ಕೈಯಲ್ಲಿ ಮೊಲ, ಇನ್ನೊಂದರಲ್ಲಿ ಸಿರಿಂಜು ಹಿಡಿದಿರುತ್ತಿದ್ದೆ. ಗಿರಾಕಿ ಸಕ್ಕರೆ ಕೇಳಿದರೆ “ನೀವ ತೂಗಿಕೊಳ್ರಿ” ಎನ್ನುತ್ತಿದ್ದೆ. ಇಷ್ಟು ವರ್ಷಗಳಲ್ಲಿ ನನ್ನ ತಕ್ಕಡಿಯನ್ನು ಇನ್ನೊಬ್ಬರಿಗೆ ಮುಟ್ಟಲು ಬಿಟ್ಟದ್ದು ಅದೇ ಮೊದಲು.

ಆಮೇಲೆ ಹುಲ್ಲಿನ ಪ್ರಶ್ನೆ ಬಂತು. ಹಸಿ ಹುಲ್ಲಿಗೆ ಮಳೆಗಾಲದಲ್ಲಿ ಬರವಿಲ್ಲ. ಆದರೆ ಮೊಲಕ್ಕೆ ಮುಖ್ಯವಾಗಿ ಬೇಕಾದದ್ದು ಒಣಗಿದ ಹುಲ್ಲು, ಅದೂ ಬೂಷ್ಟು ಹಿಡಿಯದ್ದು. ಬೆಳಗಾವಿಯ ಜಿಟಿಜಿಟಿ ಮಳೆಯಲ್ಲಿ ಹಾಕಿದ ಬಟ್ಟೆಯೇ ಒಣಗುವುದಿಲ್ಲ, ಹುಲ್ಲೆಲ್ಲಿ ಒಣಗಬೇಕು? ನಮ್ಮ ಓಣಿಯ ಹಿಂದೆ ಎಮ್ಮೆ ಕಟ್ಟಿರುವ ಗವಳಿಯೊಬ್ಬ ಇದ್ದಾನೆ, ಅವನ ಅಟ್ಟದ ಮೇಲೆ ಬೇಸಿಗೆಯಲ್ಲೇ ತುಂಬಿಟ್ಟ ಹುಲ್ಲಿದೆ ಎಂದು ಗೊತ್ತಿತ್ತು.

“ಮೊಲಕ್ಕ ಎಷ್ಟ ಬೇಕವ್ವಾ? ಒಂದ ಹಿಡಿ ಒಯ್ಯಿ,” ಎಂದು ಅವನು ಬಾಗಿಲ ಬಳಿಯ ಹೊರೆ ತೋರಿಸಿದ. ಮುಟ್ಟಿ ಮೂಸಿ ನೋಡಿದೆ, ಮುಗ್ಗಲು ವಾಸನೆ.

“ಇದನ್ನ ನಿನ್ನ ಎಮ್ಮಿಗೆ ಹಾಕ್ತಿಯೇನಪಾ?”

“ಎಮ್ಮಿಗೆ ಹಾಕಾಂಗಿಲ್ಲ. ಇದು ಹಾಸಾಕ ಇಟ್ಟದ್ದು.”

“ಹಾಸೂದ ನನಗ, ತಿನ್ನೂದ ಎಮ್ಮಿಗೆ? ಅಟ್ಟದ ಮ್ಯಾಲಿಂದ ನಡಬರಕಿಂದು ತಗಿ. ಎಲಿ ಇರಬೇಕು, ಹಸರ ಬಣ್ಣ ಉಳದಿರಬೇಕು.”

“ಮೊಲಕ್ಕ ಇಷ್ಟ ನಖರಾ ಇದ್ರ ನಿನಗೆಷ್ಟ ಇರಬಾರದು.”

ನಾನು ದುಡ್ಡಿನ ಮಾತೇ ಎತ್ತಲಿಲ್ಲ. ಮಳೆಗಾಲದಲ್ಲಿ ಗವಳಿಗೆ ಕೊಟ್ಟಿಗೆಯ ಕಿಟಕಿ ಮುಚ್ಚಲು, ಕರುಗಳಿಗೆ ಹೊದಿಸಲು ಗೋಣಿಚೀಲ ಬೇಕಾಗುತ್ತವೆ, ನನ್ನ ಅಂಗಡಿಯ ಹಿಂದೆ ಖಾಲಿ ಗೋಣಿ ರಾಶಿ ಬಿದ್ದಿರುತ್ತವೆ. ಪ್ರತಿವಾರ ಗೋಣಿ ನನ್ನವು, ಅಟ್ಟದ ನಡುವಿನ ಹುಲ್ಲು ಅವನದು. ಕೈ ಮೇಲೆ ಕೈ ಹಾಕಿ ಮುಗಿಸಿದೆವು. ನೀವೂ ನೆನಪಿಡಿ, ಹುಲ್ಲನ್ನು ಕಣ್ಣಿನಿಂದ ಕೊಳ್ಳಬೇಡಿ, ಮೂಗಿನಿಂದ ಕೊಳ್ಳಿ.

ಸೊಪ್ಪಿನ ವ್ಯವಸ್ಥೆ ಇನ್ನೂ ಸಲೀಸು. ಗಜ್ಜರಿ, ಮೂಲಂಗಿ ಮಾರುವವರು ಎಲೆ ಮುರಿದು ಚೆಲ್ಲುತ್ತಾರೆ. ಸಂಜೆ ಕಸದ ಗಾಡಿಗೆ ಹೋಗುವ ಬದಲು ಮುಂಜಾನೆಯೇ ನನಗೆ ಕೊಡಿ ಎಂದೆ. ತೊಳೆದು, ನೀರು ಜಾಡಿಸಿ, ಮೊದಲ ದಿನ ಎರಡೇ ಎಲೆ. ಹಿಕ್ಕೆ ಸರಿಯಿದ್ದರೆ ಮರುದಿನ ಇನ್ನೆರಡು. ಹೂಕೋಸಿನ ಎಲೆಯೂ ಪುಕ್ಕಟೆ ಸಿಗುತ್ತಿತ್ತು, ಹೊಟ್ಟೆ ಉಬ್ಬುತ್ತದೆಂದು ಬಿಟ್ಟೆ. ಪುಕ್ಕಟೆ ಸಿಕ್ಕಿದ್ದನ್ನು ಬಿಡುವುದು ನನ್ನಂಥವಳಿಗೆ ಸಣ್ಣ ತ್ಯಾಗವಲ್ಲ. ಸೊರಗಿದ್ದಕ್ಕೆ ಬಲ ಬರಲಿ ಎಂದು ಡಾಕ್ಟರು ಕುದುರೆ ಮಸಾಲೆ ಎಂಬ ಮೇವಿನ ಸೊಪ್ಪನ್ನು ದಿನಕ್ಕೊಂದು ಸಣ್ಣ ಹಿಡಿ ಕೊಡಲು ಹೇಳಿದ್ದರು, ಮೈ ತುಂಬಿದ ಮೇಲೆ ನಿಲ್ಲಿಸಬೇಕೆಂಬ ಷರತ್ತಿನ ಮೇಲೆ.

ದಿನಾ ಮುಂಜಾನೆ ಅಂಗಡಿ ತೆರೆಯುವ ಮೊದಲು, ಏನೂ ತಿನ್ನಿಸುವ ಮೊದಲು, ಬುಟ್ಟಿಯಲ್ಲಿ ಕೂರಿಸಿ ತಕ್ಕಡಿಯ ಮೇಲೆ ಇಡುತ್ತಿದ್ದೆ. ಹೊತ್ತು ಅದೇ, ಬುಟ್ಟಿ ಅದೇ. ಇಲ್ಲದಿದ್ದರೆ ತೂಕಕ್ಕೆ ಅರ್ಥವಿಲ್ಲ. ಗವಳಿಯ ಬಳಿ ಹಾಲಿಗೆ ಹೊರಟ ಓಣಿಯ ಹೆಂಗಸರಿಗೆ ಅದೊಂದು ಮೋಜಾಯಿತು.

“ಹೆಂಗ ಕಿಲೋ ಹಚ್ಚೀರಿ ಇವತ್ತ?”

“ಇದು ಮಾರೂ ಮಾಲಲ್ಲ, ಠೇವಣಿ.”

ಒಂದು ಮುಂಜಾನೆ ಅದು ತನ್ನ ಮೆತ್ತಗಿನ ಹಿಕ್ಕೆಯನ್ನು ತಾನೇ ತಿನ್ನುವುದನ್ನು ಕಂಡು ನಾನು ಹೌಹಾರಿ ಫೋನು ಮಾಡಿದೆ. ಡಾಕ್ಟರು “ತಿನ್ಲಿ ಬಿಡ್ರಿ, ಸತ್ವ ಎರಡನೇ ಸಲಕ್ಕ ಸಿಗತೈತಿ” ಎಂದರು. ಒಂದೇ ಮಾಲಿನಿಂದ ಎರಡು ಸಲ ಲಾಭ. ಆ ದಿನದಿಂದ ಆ ಮೊಲದ ಬಗ್ಗೆ ನನಗೆ ಗೌರವ ಹುಟ್ಟಿತು.

ಮೊದಮೊದಲು ತಕ್ಕಡಿಯ ಮುಳ್ಳು ಏರಲೇ ಇಲ್ಲ, ನಿಂತಲ್ಲೇ ನಿಂತಿತ್ತು. ಆದರೆ ಇಳಿಯುವುದು ನಿಂತಿತ್ತಲ್ಲ, ಅದೇ ಮೊದಲ ಲಾಭ. ಆಮೇಲೆ ಒಂದು ದಿನ ಗೋಣಿಗಳ ಹಿಂದಿನಿಂದ ಕರಕರ ಸದ್ದು ಬಂತು. ಇಲಿ ಎಂದುಕೊಂಡು ಕಸಬರಿಗೆ ಹಿಡಿದು ಹೋದೆ. ಮೊಲ ತಾನಾಗಿ ಒಣ ಹುಲ್ಲು ಅಗಿಯುತ್ತಿತ್ತು. ನಾನು ಕಸಬರಿಗೆ ಕೆಳಗಿಟ್ಟು ಅಲ್ಲೇ ಗೋಣಿಯ ಮೇಲೆ ಕುಳಿತು ಕೇಳಿದೆ. ಗಿರಾಕಿ ಕೂಗಿದರೂ ಏಳಲಿಲ್ಲ. ಅಂದಿನಿಂದ ತೂಕ ಹನಿಹನಿಯಾಗಿ ಏರತೊಡಗಿತು. ಮೊದಲು ಹೆಸರುಕಾಳಿನಷ್ಟಿದ್ದ ಹಿಕ್ಕೆ ಒಳ್ಳೆ ದುಂಡಗಿನ ಕಡಲೆಯಷ್ಟಾಯಿತು. ಕಿರಾಣಿಯವಳಿಗೆ ಇದಕ್ಕಿಂತ ತಿಳಿಯುವ ಅಳತೆ ಯಾವುದಿದೆ?

ನಾಗರ ಪಂಚಮಿ ಬಂತು. ನಮ್ಮ ಕಡೆ ಪಂಚಮಿ ಎಂದರೆ ಹೆಣ್ಣುಮಕ್ಕಳು ತವರಿಗೆ ಬರುವ ಹಬ್ಬ, ಉಂಡಿ ಕಟ್ಟುವ ಹಬ್ಬ. ಅಕ್ಕ ಬಂದಳು. ಮೊಲ ಅವಳ ದನಿ ಕೇಳಿದ್ದೇ ಗೋಣಿ ಹಾರಿ ಬಂದು ಅವಳ ಕಾಲು ಸುತ್ತಿತು. ಅಕ್ಕ ಕಣ್ಣೊರೆಸಿಕೊಂಡು ನಕ್ಕಳು. ನಾನು ಹಬ್ಬದ ಗಿರಾಕಿಗಳ ಗದ್ದಲದಲ್ಲಿದ್ದೆ, ಬೆಲ್ಲ, ಶೇಂಗಾ, ಅಳ್ಳು ಎಂದು ಓಣಿಯೇ ಅಂಗಡಿಯಲ್ಲಿತ್ತು. ಇಬ್ಬರನ್ನೂ ಒಳಗೆ ಬಿಟ್ಟು ನಿಶ್ಚಿಂತಳಾಗಿದ್ದೆ.

ಮರುದಿನ ಮುಂಜಾನೆ ತೂಗಿದರೆ ತೂಕ ಒಮ್ಮೆಲೇ ಜಿಗಿದಿತ್ತು. ವಾರವಿಡೀ ಏರಿದ್ದಕ್ಕಿಂತ ಹೆಚ್ಚು. ಭಾವನಿಗೆ ಫೋನು ಹಚ್ಚಲು ಕೈ ಹಾಕಿದೆ. ಹಾಕಿದ ಕೈ ಹಾಗೇ ನಿಂತಿತು. ನನ್ನ ಕಸುಬಿನಲ್ಲಿ ರಾತ್ರೋರಾತ್ರಿ ಚೀಲದ ತೂಕ ಏರಿದರೆ ಖುಷಿಪಡುವುದಿಲ್ಲ, ಒಳಗೆ ಕೈ ಹಾಕಿ ನೋಡುತ್ತೇವೆ. ಒಂದೋ ನೀರು ಹೊಡೆದಿರುತ್ತಾರೆ, ಇಲ್ಲ ಕಲ್ಲು ಬೆರೆಸಿರುತ್ತಾರೆ. ಮೊಲದ ಮೂಲೆ ನೋಡಿದೆ. ಹಿಕ್ಕೆ ಇಲ್ಲ. ಹಾಕಿದ ಹುಲ್ಲು ಹಾಗೇ ಇದೆ. ಮೊಲ ಹೊಟ್ಟೆಯನ್ನು ನೆಲಕ್ಕೊತ್ತಿ ಕುಳಿತು ಹಲ್ಲು ಕಡಿಯುತ್ತಿದೆ. ಒಳಗೆ ಹೋಗಿದ್ದು ಹೊರಗೆ ಬಂದಿರಲಿಲ್ಲ, ತೂಕ ಏರಿದ್ದು ಅದಕ್ಕೇ.

“ಅಕ್ಕಾ, ಏನ ತಿನ್ನಿಸಿ?”

ಅವಳು ಸೆರಗಿನ ತುದಿ ತಿರುವುತ್ತ ನಿಂತಳು. “ಒಂದ ಅಂಟಿನ ಉಂಡಿ. ಪಂಚಮಿ ದಿನ ಮನ್ಯಾಗಿನ ಜೀವಕ್ಕ ಉಂಡಿ ಇಲ್ಲದ ಇರೂದ ಹೆಂಗ? ನನ್ನ ಬಾಣಂತನದಾಗ ಅವ್ವ ಅಂಟಿನ ಉಂಡಿ ತಿನ್ನಿಸೇ ಅಲ್ಲೇನ ನನಗ ಮೈ ಹತ್ತಿದ್ದು?”

“ಇದು ಬಾಣಂತಿ ಅಲ್ಲ, ಮೊಲ. ತುಪ್ಪ, ಬೆಲ್ಲ, ಕೊಬ್ರಿ, ಅಂಟು. ಅಂಟು ಅಂತ ಹೆಸರ ಹೇಳಾಕತ್ತೈತಿ ಏನ ಮಾಡ್ತೈತಿ ಅಂತ.”

ಪಂಚಮಿಯ ವ್ಯಾಪಾರ ಇನ್ನೂ ಮುಗಿದಿರಲಿಲ್ಲ, ಅಂಗಡಿಯ ಮುಂದೆ ಆಗಲೇ ಗಿರಾಕಿಗಳು ನಿಂತಿದ್ದರು. ಅವರನ್ನು ವಾಪಸು ಕಳಿಸಿ ಶಟರ್ ಎಳೆದೆ. ರಿಕ್ಷಾದಲ್ಲಿ ಅಕ್ಕ ಮೊಲವನ್ನು ಸೆರಗಿನಲ್ಲಿ ಬೆಚ್ಚಗೆ ಸುತ್ತಿಕೊಂಡು ಒಂದೇ ಮಾತನ್ನು ಗೊಣಗುತ್ತಿದ್ದಳು. “ಅಡವ್ಯಾಗ ಬಿಟ್ಟಿದ್ರ ಬದಕತಿತ್ತು. ನನ್ನ ಕೈಯಾಗ ಹೋಗ್ತೈತಿ.”

“ಸುಮ್ನ ಕುಂದ್ರು. ಇನ್ನೂ ಗಣಪತಿ ಬಂದಿಲ್ಲ.”

ಡಾಕ್ಟರು ಎಕ್ಸ್-ರೇ ತೆಗೆಸಿ, ಕರುಳಿಗೆ ಅಡ್ಡ ಏನೂ ಸಿಕ್ಕಿಲ್ಲ, ಗಿರಣಿ ನಿಧಾನವಾಗಿದೆ ಅಷ್ಟೇ ಎಂದರು. ಚರ್ಮದ ಕೆಳಗೆ ನೀರು ಕೊಟ್ಟರು, ನೋವಿಗೆ ಔಷಧ, ಕರುಳು ನಡೆಯಲು ಔಷಧ. “ಲಗೂ ತಂದ್ರಿ, ಚಲೋ ಆತು. ಸಂಜೀತನ ಕಾಯ್ದಿದ್ರ ಕಷ್ಟ ಇತ್ತು,” ಎಂದರು. ಅಕ್ಕ ಡಾಕ್ಟರ ಕೈ ಹಿಡಿದುಕೊಂಡು, “ಉಂಡಿ ಒಂದ ತಿನ್ನಿಸಿದ್ದು, ಖರೇ ಹೇಳ್ತೀನಿ, ಒಂದ,” ಎಂದಳು. “ನಿಮಗ ಒಂದ, ಅದಕ್ಕ ಹತ್ತ ಜನರ ಊಟ,” ಎಂದು ಅವರು ಮೆಲ್ಲಗೆ ಹೇಳಿದರು.

ಮಧ್ಯಾಹ್ನದ ಮೇಲೆ ಅಲ್ಲಿಯೇ, ಡಾಕ್ಟರ ಬೆಂಚಿನ ಮೇಲೆ, ಮೊಲ ಒಂದು ಹಿಕ್ಕೆ ಹಾಕಿತು. ಆಮೇಲೆ ಇನ್ನೊಂದು. ನಾವು ಅಕ್ಕತಂಗಿಯರು ಬಗ್ಗಿ, ಬಂಗಾರದ ಗುಂಡು ನೋಡಿದ ಹಾಗೆ ಅವನ್ನು ನೋಡಿದೆವು. ಬಾಜು ಬೆಕ್ಕು ಹಿಡಿದು ಕುಳಿತವರು ಸ್ವಲ್ಪ ದೂರ ಸರಿದರು.

ಅಕ್ಕ ಖಾನಾಪುರಕ್ಕೆ ಹೋಗಿ ಫೋನು ಮಾಡುವುದನ್ನೇ ಬಿಟ್ಟಳು. ಮೊಲದ ಮಾತು ತಾನು ಕೇಳಿದರೂ ಅದಕ್ಕೆ ದೃಷ್ಟಿಯಾಗುತ್ತದೆ ಎಂಬ ಹೆದರಿಕೆ. ನಾನೇ ದಿನಾ ಮುಂಜಾನೆ ಅವಳಿಗೆ ಫೋನು ಮಾಡಿ ಮೊಲದ ಮುಂದೆ ಹಿಡಿಯುತ್ತಿದ್ದೆ. ಅದು ಅಗಿಯುವ ಸದ್ದು ಅವಳು ಕೇಳಬೇಕು. ಆ ಕಡೆಯಿಂದ ಮಾತೇ ಬರುತ್ತಿರಲಿಲ್ಲ, ಆದರೆ ಫೋನನ್ನು ಅವಳು ಇಡುತ್ತಲೂ ಇರಲಿಲ್ಲ. ತೂಕ ಮೊದಲು ಸ್ವಲ್ಪ ಇಳಿದು, ಮತ್ತೆ ಹನಿಹನಿಯಾಗಿ ಏರಿತು. ಈ ಸಲ ನಾನು ತಕ್ಕಡಿ ನೋಡುವುದಕ್ಕಿಂತ ಹೆಚ್ಚಾಗಿ ಹಿಂಗೈ ಮುಟ್ಟಿ, ಬೆನ್ನು ಮುಟ್ಟಿ ನೋಡುತ್ತಿದ್ದೆ. ಮುಷ್ಟಿಯ ಗೆಣ್ಣಿನಂತೆ ಹತ್ತುತ್ತಿದ್ದ ಎಲುಬುಗಳು ದಿನದಿಂದ ದಿನಕ್ಕೆ ಮಾಯವಾದವು.

ಗಣಪತಿ ಹಬ್ಬದ ಮುಂಜಾನೆ ಬುಟ್ಟಿ ಹಿಡಿದು ಖಾನಾಪುರದ ಪಡಸಾಲೆ ಹತ್ತಿದೆ. ಭಾವ ಮಡಿ ಉಟ್ಟು ಪೂಜೆಗೆಂದು ಗರಿಕೆ ಆರಿಸುತ್ತ ಕುಳಿತಿದ್ದರು. ಅಕ್ಕ ಅಡುಗೆಮನೆಯ ಬಾಗಿಲಲ್ಲೇ ನಿಂತಳು, ಹೊರಗೆ ಬರಲಿಲ್ಲ. ನಾನು ಮೊಲವನ್ನು ಭಾವನ ಮುಂದೆ ಚಾಪೆಯ ಮೇಲೆ ಇಟ್ಟೆ.

“ಕೈ ಆಡಸ್ರಿ ಭಾವಾರ.”

ಅವರು ಕೈ ಒರೆಸಿಕೊಂಡು ಕುತ್ತಿಗೆಯಿಂದ ಬಾಲದವರೆಗೆ ಎಳೆದರು. ಮತ್ತೊಮ್ಮೆ ಎಳೆದರು. ತುಪ್ಪಳದೊಳಗೆ ಬೆರಳು ತೂರಿಸಿ ಹುಡುಕಿದರು. ಪಕ್ಕೆ ಒತ್ತಿ ನೋಡಿದರು. ಅಡುಗೆಮನೆಯಲ್ಲಿ ಕುಕ್ಕರು ಸೀಟಿ ಹೊಡೆದರೂ ಅಕ್ಕ ಅತ್ತ ತಿರುಗಲಿಲ್ಲ.

“ಗರಗಸ ಎಲ್ಲಿ ಹೋತು?” ಎಂದರು ಭಾವ.

“ಅಡವ್ಯಾಗ ಬಿಟ್ಟ ಬಂದೆ.”

ಭಾವ ತಲೆ ಹಿಂದಕ್ಕೆ ಹಾಕಿ ನಕ್ಕರು. ಅಕ್ಕ ಈಳಿಗೆ ತಂದು ಪಡಸಾಲೆಯಲ್ಲೇ ಕುಳಿತು ಹಬ್ಬದ ಕಾಯಿಪಲ್ಲೆ ಹೆಚ್ಚತೊಡಗಿದಳು. ಈಳಿಗೆಯ ಸದ್ದು ಕೇಳಿದ್ದೇ ಮೊಲ ಭಾವನ ಕೈ ತಪ್ಪಿಸಿಕೊಂಡು ಓಡಿತು. ಅವಳ ಮೊಣಕಾಲ ಮೇಲೆ ಗದ್ದ ಊರಿತು. ಜೊಲ್ಲಿಲ್ಲದ, ಒಣ ಗದ್ದ.

ಗೆದ್ದ ಮೇಲೆ ಕೊಸರು ಕೇಳದಿದ್ದರೆ ಅವಳು ವ್ಯಾಪಾರಿಯೇ ಅಲ್ಲ.

“ಭಾವಾರ, ಕರಾರು ಮುಗೀತು. ಈಗ ಮ್ಯಾಲಿಂದು. ಮಳಿ ಬಿಟ್ಟ ಮ್ಯಾಲ ನಿಮ್ಮ ಹೊಲದ ಬದುವಿನ ಹುಲ್ಲ ಕೊಯ್ಸಿ, ಬಿಸಿಲಿಗೆ ಒಣಗಿಸಿ, ವರ್ಷಕ್ಕಾಗೂವಷ್ಟು ಅಟ್ಟಕ್ಕ ಏರಸ್ರಿ. ಔಷಧ ಹೊಡದಿದ್ದು ನಡಿಯಾಂಗಿಲ್ಲ.”

“ಸೋತಂವಗ ದಂಡ ಬ್ಯಾರೆ ಏನ?”

“ದಂಡ ಅಲ್ರೀ. ನೀವ ಹೇಳಿದ್ರೆಲ್ಲ, ಅಡವ್ಯಾಗಿನ ಮೊಲ ಹುಲ್ಲ ತಿಂದ ಗುಂಡಗ ಇರ್ತಾವ ಅಂತ. ಅರ್ಧಾ ಮಾತ ಖರೇ ಇತ್ತು ನಿಮ್ದು. ಮೊಲ ಅಡವಿಗೆ ಹೋಗೂದ ಬ್ಯಾಡ, ಅಡವಿ ಹುಲ್ಲ ಮನಿಗೆ ಬರ್ಲಿ.”

ಅವರು ಮುಂದಿದ್ದ ಗರಿಕೆಯ ರಾಶಿಯನ್ನು ಎರಡು ಪಾಲು ಮಾಡಿದರು. ಒಂದು ಪಾಲಿನ ಬಾಜು ಅರಿಶಿನ, ಕುಂಕುಮದ ಬಟ್ಟಲು ಇಟ್ಟರು. ಇನ್ನೊಂದು ಪಾಲನ್ನು ಕುಂಕುಮ ತಾಗದ ಹಾಗೆ ದೂರ ಸರಿಸಿ, ಒಂದೊಂದು ಎಳೆಯನ್ನೂ ಜಾಡಿಸಿ, ಮೂಗಿಗೆ ಹಿಡಿದು ಮೂಸಿ, ಅಕ್ಕನ ಮೊಣಕಾಲ ಕಡೆ ನೂಕಿದರು.

“ಗಣಪತಿಗೂ ಇಷ್ಟ ಆರಿಸಿ ಹಾಕಿಲ್ಲ ನಾ,” ಎಂದರು.

ಮೊಲ ಅಗಿಯತೊಡಗಿತು. ಅಕ್ಕ ಹೆಚ್ಚುವುದನ್ನು ನಿಲ್ಲಿಸಿ ಕೇಳುತ್ತ ಕುಳಿತಳು. ಆಮೇಲೆ ನನ್ನ ಕಡೆ ತಿರುಗಿ ಚಹಾ ಕುಡಿದಿಯೇನೆಂದು ಕೇಳಿದಳು. ಇನ್ನೂ ಇಲ್ಲ ಎಂದೆ. ವಕೀಲರ ಫೀ ಬಾಕಿ ಇದೆ ಎಂದು ಭಾವನೇ ಎದ್ದು ಒಲೆಯ ಮೇಲೆ ಚಹಾ ಇಡಲು ಹೋದರು.